‘ಉಷ್ಣ’ದ ಹೆಸರಿನಲ್ಲಿ ಮರೆಯಾಗುವ ಕಾಯಿಲೆ

ಕೆಲವು ಮನೆತನಗಳಲ್ಲಿ ಮೂಗಿನಿಂದ ರಕ್ತ ಸುರಿಯುವುದು ತಲೆಮಾರಿನಿಂದ ತಲೆಮಾರಿಗೆ ನಡೆದುಬರುತ್ತದೆ. ಅಂಥವರ ತುಟಿ, ನಾಲಗೆ, ಬೆರಳ ತುದಿಗಳಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಮೂಡುತ್ತವೆ. ಶ್ವಾಸಕೋಶ, ಮಿದುಳು, ಯಕೃತ್ತಿನೊಳಗೆ ರಕ್ತನಾಳಗಳು ತಪ್ಪಾಗಿ ಬೆಸೆದುಕೊಂಡಿರುತ್ತವೆ. ವೈದ್ಯಶಾಸ್ತ್ರ ಇದನ್ನು ಆನುವಂಶಿಕ ರಕ್ತಸ್ರಾವಿ ಟೆಲಂಜಿಯೆಕ್ಟೇಸಿಯಾ ಎಂದು ಕರೆಯುತ್ತದೆ; ಚಿಕ್ಕದಾಗಿ ಎಚ್‌ಎಚ್‌ಟಿ. ಫ್ರಾನ್ಸಿನ ಆನ್ರಿ ರೆಂಡು 1896ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ವಿಲಿಯಂ ಆಸ್ಲರ್ 1901ರಲ್ಲಿ, ಇಂಗ್ಲೆಂಡಿನ ಫ್ರೆಡರಿಕ್ ಪಾರ್ಕ್ಸ್ ವೆಬರ್ 1907ರಲ್ಲಿ ಇದನ್ನು ವಿವರಿಸಿದ್ದರಿಂದ ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಆ ಮೂವರ ಹೆಸರೂ ಅಂಟಿಕೊಂಡಿದೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಆರೋಗ್ಯವಂತ ದೇಹದಲ್ಲಿ ಅಪಧಮನಿಯ ರಕ್ತ ಕೂದಲೆಳೆಗಿಂತ ತೆಳುವಾದ ಲೋಮನಾಳಗಳ ಬಲೆಯಲ್ಲಿ ಸೋಸಿ, ಒತ್ತಡ ಕಳೆದುಕೊಂಡು ಅಭಿಧಮನಿ ಸೇರುತ್ತದೆ. ಎಚ್‌ಎಚ್‌ಟಿಯಲ್ಲಿ ಅಲ್ಲಲ್ಲಿ ಈ ಬಲೆಯೇ ಇರುವುದಿಲ್ಲ. ರಭಸದ ರಕ್ತ ನೇರವಾಗಿ ತೆಳುಗೋಡೆಯ ನಾಳಕ್ಕೆ ನುಗ್ಗುತ್ತದೆ, ಗೋಡೆ ಉಬ್ಬುತ್ತದೆ, ಒಡೆಯುತ್ತದೆ. ಮೂಗಿನ ಒಳಪೊರೆಯಲ್ಲಿ ಹೀಗಾದರೆ ರಕ್ತ ಹೊರಗೆ ಕಾಣುತ್ತದೆ. ಶ್ವಾಸಕೋಶದಲ್ಲಾದರೆ ಅಪಾಯ ಬೇರೆಯದು: ದೇಹದಿಂದ ಮರಳುವ ರಕ್ತದಲ್ಲಿನ ಸಣ್ಣ ಹೆಪ್ಪುಗಳನ್ನೂ ಬ್ಯಾಕ್ಟೀರಿಯಾವನ್ನೂ ತಡೆಯುವ ಜರಡಿ ಅಲ್ಲಿ ತೂತಾಗಿರುತ್ತದೆ. ಅವು ನೇರವಾಗಿ ಮಿದುಳಿಗೆ ಹೋಗಿ ಪಾರ್ಶ್ವವಾಯು ಅಥವಾ ಮಿದುಳಿನ ಕೀವುಗಡ್ಡೆ ತರಬಹುದು. ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳ ಶ್ವಾಸಕೋಶದಲ್ಲಿ, ಸುಮಾರು 10 ಶೇಕಡ ಜನರ ಮಿದುಳಿನಲ್ಲಿ ಇಂಥ ದೋಷ ಇರುತ್ತದೆ. ಎಂಡೋಗ್ಲಿನ್ ಎಂಬ ಜೀನ್‌ನ ದೋಷ ಇದಕ್ಕೆ ಕಾರಣವೆಂದು 1994ರಲ್ಲೂ ಎಸಿವಿಆರ್‌ಎಲ್1 ಎಂಬ ಇನ್ನೊಂದು ಜೀನ್ 1996ರಲ್ಲೂ ಪತ್ತೆಯಾದವು. ಬಹುಪಾಲು ರೋಗಿಗಳಲ್ಲಿ ಕೆಟ್ಟಿರುವುದು ಇವೆರಡರಲ್ಲೊಂದು. ತಂದೆ ಅಥವಾ ತಾಯಿಯಿಂದ ಒಂದೇ ಒಂದು ದೋಷಪೂರಿತ ಪ್ರತಿ ಬಂದರೂ ಕಾಯಿಲೆ ಬರುತ್ತದೆ. ಆದ್ದರಿಂದ ರೋಗಿಯ ಪ್ರತಿ ಮಗುವಿಗೂ ಅಪಾಯ ಅರ್ಧಕ್ಕರ್ಧ. ಸೋದರಿಕೆಯಲ್ಲಿ ಮದುವೆಯಾದದ್ದೇ ಕಾರಣ ಎಂಬ ಆರೋಪ ಈ ಕಾಯಿಲೆಗೆ ಸಲ್ಲದು.

ಈ ರೋಗ ಬಿಳಿಯರದು ಎಂಬ ಭಾವನೆ ವೈದ್ಯಲೋಕದಲ್ಲಿ ಬಹುಕಾಲ ಉಳಿದಿತ್ತು. ಮೊದಲ ವರದಿಗಳು ಬಂದದ್ದು ಯುರೋಪ್ ಮತ್ತು ಉತ್ತರ ಅಮೆರಿಕದಿಂದ. ಹುಡುಕಿದ್ದೂ ಅಲ್ಲಿ, ಸಿಕ್ಕಿದ್ದೂ ಅಲ್ಲಿ. ಆದರೆ ಇಂದು ರೋಗವನ್ನು ನಿರ್ಧರಿಸುವ ಮಾನದಂಡಕ್ಕೆ ಹೆಸರು ಬಂದಿರುವುದು ಕೆರಿಬಿಯನ್ ಸಮುದ್ರದ ಕ್ಯುರಸಾವೊ ದ್ವೀಪದಿಂದ. ಅಲ್ಲಿ ಸೇರಿದ್ದ ತಜ್ಞರು ರೂಪಿಸಿ 2000ದಲ್ಲಿ ಪ್ರಕಟಿಸಿದ ನಾಲ್ಕು ಅಂಶಗಳೆಂದರೆ ತಾನಾಗಿ ಮರುಕಳಿಸುವ ಮೂಗಿನ ರಕ್ತಸ್ರಾವ, ನಿರ್ದಿಷ್ಟ ಜಾಗಗಳಲ್ಲಿ ಕೆಂಪು ಚುಕ್ಕೆ, ಒಳಾಂಗಗಳಲ್ಲಿ ನಾಳದೋಷ, ಹತ್ತಿರದ ರಕ್ತಸಂಬಂಧಿಯಲ್ಲಿ ಇದೇ ರೋಗ. ಮೂರು ಹೊಂದಿದರೆ ರೋಗ ಖಚಿತ, ಎರಡಿದ್ದರೆ ಅನುಮಾನ. ಕ್ಯುರಸಾವೊ ಮತ್ತು ಪಕ್ಕದ ಬೊನೇರ್ ದ್ವೀಪಗಳ ಆಫ್ರಿಕನ್ ಮೂಲದ ಜನರಲ್ಲಿ 2003ರ ಅಧ್ಯಯನವೊಂದು ಕಂಡ ಪ್ರಮಾಣ 1,331 ವಯಸ್ಕರಿಗೆ ಒಬ್ಬರು. ಜಗತ್ತಿನಲ್ಲಿ ಇದಕ್ಕಿಂತ ದಟ್ಟವಾಗಿ ಈ ರೋಗ ದಾಖಲಾದದ್ದು ವಿರಳ. ಜಪಾನಿನ ಅಕಿಟಾ ಪ್ರಾಂತ್ಯದಲ್ಲೂ ಹುಡುಕಿದಾಗ ರೋಗಿಗಳು ಸಿಕ್ಕರು. ‘ಬಿಳಿಯರ ಕಾಯಿಲೆ’ ಎಂಬ ಮಾತು ಬಯಲು ಮಾಡಿದ್ದು ರೋಗದ ಸ್ವಭಾವಕ್ಕಿಂತ ಹೆಚ್ಚಾಗಿ ಹುಡುಕಿದವರು ಎಲ್ಲಿ ನಿಂತಿದ್ದರು ಎಂಬುದನ್ನು.

ಇಲ್ಲಿ ವಿಂಗಡಿಸಿ ನೋಡಬೇಕಾದ ಸಂಗತಿಗಳು ಎರಡು: ರೋಗ ಯಾರಲ್ಲಿ ಎಷ್ಟಿದೆ ಎಂಬುದೊಂದು, ಯಾರಲ್ಲಿ ಎಷ್ಟು ಪತ್ತೆಯಾಗುತ್ತದೆ ಎಂಬುದಿನ್ನೊಂದು. ಜನಾಂಗ ಜನಾಂಗಗಳ ನಡುವೆ ಕಾಣುವ ಅಂತರ ಬಹುಮಟ್ಟಿಗೆ ಎರಡನೆಯದಕ್ಕೆ ಸೇರಿದ್ದು. ಅಮೆರಿಕದಲ್ಲಿ ಈ ಅಂತರಕ್ಕೆ ಕಪ್ಪು, ಬಿಳಿ ಎಂಬ ಹೆಸರುಗಳಿವೆ. ಬೆಂಗಳೂರಿನ ಹೊರವಲಯದಲ್ಲಿ ಅದೇ ಅಂತರ ಮೈಬಣ್ಣ, ಭಾಷೆ, ಕೂಲಿ, ಊರು ಬಿಟ್ಟು ಬಂದ ಸ್ಥಿತಿ ಎಂಬ ಬೇರೆ ಬೇರೆ ವೇಷಗಳಲ್ಲಿ ಬರುತ್ತದೆ. ಪೀಣ್ಯದ ಲೇತ್ ಯಂತ್ರದ ಮುಂದೆ ನಿಂತವನ ಮೂಗಿನ ರಕ್ತ, ಬೊಮ್ಮಸಂದ್ರದ ಗಾರ್ಮೆಂಟ್ಸ್ ಕೆಲಸಗಾರ್ತಿಯ ಸುಸ್ತು, ವೈಟ್‌ಫೀಲ್ಡಿನ ಹವಾನಿಯಂತ್ರಿತ ಕಚೇರಿಯ ಎಂಜಿನಿಯರನ ಅರೆತಲೆನೋವು ಒಂದೇ ರೋಗದ ಮೂರು ಮುಖಗಳಾಗಿರಬಹುದು. ಮೂವರಿಗೂ ಒಂದೇ ದಿನ ಒಂದೇ ಹೆಸರು ಸಿಗುವುದಿಲ್ಲ.

ಮೊದಲ ತಡೆ ಕಣ್ಣಿನದು. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಈ ಚುಕ್ಕೆಗಳು ಬಿಳಿ ಕೆನ್ನೆಯ ಮೇಲೆ ಕುಂಕುಮ ಚಿಮುಕಿಸಿದಂತೆ ಎದ್ದು ಕಾಣುತ್ತವೆ. ಕಂದು ಅಥವಾ ಕಪ್ಪು ಮೈಯಲ್ಲಿ ಕೆಂಪು ಚರ್ಮದ ಬಣ್ಣದೊಳಗೇ ಕರಗಿಹೋಗುತ್ತದೆ. ಅಲ್ಲಿ ಹುಡುಕಬೇಕಾದದ್ದು ನಾಲಗೆಯ ತುದಿ, ತುಟಿಯ ಒಳಮೈ, ಅಂಗುಳ, ಬೆರಳ ತುದಿಗಳಲ್ಲಿ. ಎಲೆಅಡಿಕೆ, ಗುಟ್ಕಾದಿಂದ ಕೆಂಪೇರಿದ ಬಾಯಲ್ಲಿ ಆ ಹುಡುಕಾಟವೂ ಕಷ್ಟ. ಯಂತ್ರದೆಣ್ಣೆ ಮೆತ್ತಿದ, ಗಾಯದ ಕಲೆಗಳಿರುವ ಬೆರಳುಗಳಲ್ಲಿ ಇನ್ನೂ ಕಷ್ಟ. ಜೊತೆಗೆ ಚುಕ್ಕೆಗಳು ಸ್ಪಷ್ಟವಾಗಿ ಮೂಡಲು ಅನೇಕರಲ್ಲಿ ನಡುಹರೆಯದವರೆಗೂ ಕಾಲ ಹಿಡಿಯುತ್ತದೆ. ಇಪ್ಪತ್ತರ ಹರೆಯದ ಕೆಲಸಗಾರರೇ ಹೆಚ್ಚಿರುವ ಕೈಗಾರಿಕಾ ಪ್ರದೇಶದಲ್ಲಿ ಚುಕ್ಕೆಗಾಗಿ ಕಾಯುವ ವೈದ್ಯರಿಗೆ ರೋಗ ಸಿಗುವುದಿಲ್ಲ.

ಎರಡನೆಯ ತಡೆ ಉಪಕರಣದ್ದು. ಶ್ವಾಸಕೋಶದ ನಾಳದೋಷ ದೊಡ್ಡದಿದ್ದರೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಅದರ ಮೊದಲ ಸುಳಿವನ್ನು ಕೊಡಬಲ್ಲದ್ದು ಕೋವಿಡ್ ಕಾಲದಲ್ಲಿ ಮನೆಮಾತಾದ ಬೆರಳಿನ ಆಕ್ಸಿಮೀಟರ್. ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಅಳೆಯುವ ಈ ಸಾಧನ ಕಪ್ಪು ಚರ್ಮದಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂದು 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಯಂತ್ರ ‘ಸರಿಯಿದೆ’ ಎಂದಾಗಲೂ ನಿಜವಾಗಿ ಆಮ್ಲಜನಕ ಕುಸಿದಿದ್ದ ಸಂದರ್ಭಗಳು ಬಿಳಿಯರಲ್ಲಿ 3.6 ಶೇಕಡ, ಕಪ್ಪು ವರ್ಣೀಯರಲ್ಲಿ 11.7 ಶೇಕಡ. ಬಿಳಿ ಬೆರಳನ್ನು ಅಳತೆಗೋಲಾಗಿಟ್ಟು ರೂಪಿಸಿದ ಸಾಧನ ಉಳಿದ ಬೆರಳುಗಳ ಬಗ್ಗೆ ಸುಳ್ಳು ಧೈರ್ಯ ಕೊಡುತ್ತದೆ. ಕನ್ನಡನಾಡಿನ ಮೈಬಣ್ಣಗಳ ಹರಹು ನೆನೆದರೆ ಈ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ಪರಿಹಾರ ದುಬಾರಿಯೇನಲ್ಲ. ಲವಣಜಲವನ್ನು ಕುಲುಕಿ, ಗುಳ್ಳೆಗಳೊಂದಿಗೆ ತೋಳಿನ ನಾಳಕ್ಕೆ ಚುಚ್ಚಿ, ಅವು ಹೃದಯದ ಎಡಭಾಗದಲ್ಲಿ ಕಾಣಿಸಿಕೊಳ್ಳುತ್ತವೆಯೇ ಎಂದು ಎಕೋ ಯಂತ್ರದಲ್ಲಿ ನೋಡುವುದೇ ಎಚ್‌ಎಚ್‌ಟಿಯ ಶಿಫಾರಸಾದ ಮೊದಲ ಪರೀಕ್ಷೆ. ಆರೋಗ್ಯವಂತ ಶ್ವಾಸಕೋಶ ಆ ಗುಳ್ಳೆಗಳನ್ನು ತಡೆದುಬಿಡುತ್ತದೆ. ಹೃದ್ರೋಗ ವಿಭಾಗವಿರುವ ಯಾವ ಆಸ್ಪತ್ರೆಯಲ್ಲೂ ಈ ಪರೀಕ್ಷೆಗೆ ಬೇಕಾದ ಯಂತ್ರ ಇದ್ದೇ ಇರುತ್ತದೆ.

ಮೂರನೆಯ ತಡೆ ಜೀನ್‌ಗಳ ಪಟ್ಟಿಯದು. ಒಬ್ಬ ವ್ಯಕ್ತಿಯ ಎಂಡೋಗ್ಲಿನ್ ಜೀನ್‌ನಲ್ಲಿ ಅಕ್ಷರವೊಂದು ಬದಲಾಗಿದ್ದರೆ ಅದು ರೋಗಕಾರಕವೋ ನಿರುಪದ್ರವಿಯೋ ಎಂದು ಹೇಳಲು, ಆರೋಗ್ಯವಂತ ಜನರಲ್ಲಿ ಆ ಬದಲಾವಣೆ ಎಷ್ಟು ಸಾಮಾನ್ಯ ಎಂಬುದು ಗೊತ್ತಿರಬೇಕು. ಜಗತ್ತಿನ ದತ್ತಾಂಶ ಭಂಡಾರಗಳಲ್ಲಿ ಯುರೋಪಿನ ಮೂಲದವರೇ ತುಂಬಿಕೊಂಡಿದ್ದಾರೆ. ಹಾಗಾಗಿ ಉಳಿದ ಜನರ ವರದಿಗಳಲ್ಲಿ ‘ಅರ್ಥ ಅನಿಶ್ಚಿತ’ ಎಂಬ ಷರಾ ಹೆಚ್ಚು. ಇದರ ಪರಿಣಾಮ ಇನ್ನೊಂದು ಆನುವಂಶಿಕ ಕಾಯಿಲೆಯಲ್ಲಿ ಢಾಳಾಗಿ ಕಂಡಿದೆ. ಹೃದಯದ ಸ್ನಾಯು ದಪ್ಪಗಾಗುವ ರೋಗಕ್ಕೆ ಕಾರಣವೆಂದು ಗುರುತಿಸಿದ್ದ ಕೆಲವು ಬದಲಾವಣೆಗಳು ಕಪ್ಪು ಅಮೆರಿಕನ್ನರಲ್ಲಿ ಸಹಜವಾಗಿಯೇ ಇರುವಂಥವು ಎಂದು 2016ರಲ್ಲಿ ಗೊತ್ತಾಯಿತು. ಹೋಲಿಕೆಯ ಪಟ್ಟಿಯಲ್ಲಿ ಅವರು ಇರಲಿಲ್ಲವಾದ್ದರಿಂದ ಆರೋಗ್ಯವಂತರಿಗೂ ರೋಗದ ಹಣೆಪಟ್ಟಿ ಬಿದ್ದಿತ್ತು. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ದಕ್ಷಿಣ ಏಷ್ಯಾದ್ದು. ಹೃದಯದ ಎಂವೈಬಿಪಿಸಿ3 ಜೀನ್‌ನಲ್ಲಿ 25 ಅಕ್ಷರಗಳ ಕೊರತೆಯೊಂದು ಇಲ್ಲಿನ ಸುಮಾರು 4 ಶೇಕಡ ಜನರಲ್ಲಿದೆ ಎಂಬುದು 2009ರಲ್ಲಿ ಪ್ರಕಟವಾಯಿತು. ಕೋಟಿಗಟ್ಟಲೆ ಜನರ ಮೈಯಲ್ಲಿರುವ ಸಂಗತಿ ಹೊರಬೀಳಲು ಭಾರತೀಯರ ಮಾದರಿಗಳನ್ನೇ ನೋಡಬೇಕಾಯಿತು.

ನಾಲ್ಕನೆಯ ತಡೆ ಕುಟುಂಬದ ನೆನಪಿನದು. ಕ್ಯುರಸಾವೊ ಮಾನದಂಡದ ನಾಲ್ಕನೆಯ ಅಂಶ ರಕ್ತಸಂಬಂಧಿಗಳ ಇತಿಹಾಸ. ಅಜ್ಜನ ಮರಣಕ್ಕೆ ವೈದ್ಯಕೀಯ ಕಾರಣ ಬರೆದಿಟ್ಟ ಸಮಾಜದಲ್ಲಿ ಇದು ಸುಲಭದ ಪ್ರಶ್ನೆ. ಇಲ್ಲಿ ‘ರಕ್ತ ಕಾರಿ ಸತ್ತ’ ಎಂಬುದು ರೋಗಲಕ್ಷಣವಾಗಿ ಉಳಿಯದೆ ಶಾಪ, ಮಾಟ, ದೆವ್ವದ ಕಥೆಗಳಿಗೆ ಸೇರಿಹೋಗಿದೆ. ಕೆಮ್ಮಿನಲ್ಲಿ ರಕ್ತ ಬಿದ್ದರೆ ಕ್ಷಯ, ಜ್ವರದೊಂದಿಗೆ ಪ್ರಜ್ಞೆ ತಪ್ಪಿದರೆ ಮಿದುಳು ಜ್ವರ, ಬಾಣಂತಿ ಸತ್ತರೆ ಹಣೆಬರಹ. ಮೂಗಿನಲ್ಲಿ ರಕ್ತ ಬಂದರಂತೂ ‘ಉಷ್ಣ’. ನೆತ್ತಿಗೆ ತಣ್ಣೀರು ತಟ್ಟಿ, ಈರುಳ್ಳಿ ಮೂಸಿಸಿ, ಕಾಮಕಸ್ತೂರಿ ಬೀಜದ ಪಾನಕ ಕುಡಿಸಿದರೆ ಮನೆಯ ಮಟ್ಟಿಗೆ ವಿಷಯ ಮುಗಿಯಿತು. ಈ ಉಪಚಾರಗಳಿಂದ ಹಾನಿಯಿಲ್ಲ. ಆದರೆ ‘ನಮ್ಮ ಮನೆತನದ್ದೇ ಉಷ್ಣದ ಮೈ’ ಎಂಬ ಮಾತಿನೊಳಗೆ ಒಂದು ವಂಶವೃಕ್ಷವೇ ಅಡಗಿರಬಹುದು. ಅದನ್ನು ಕೇಳಿಸಿಕೊಂಡು ಬಿಡಿಸಿ ಓದುವ ಕಿವಿ ಬೇಕು. ರಾಯಚೂರು, ಕಲಬುರಗಿಯಿಂದಲೋ ಒಡಿಶಾ, ಬಿಹಾರ, ಅಸ್ಸಾಂನಿಂದಲೋ ಒಬ್ಬನೇ ಬಂದು ಪೀಣ್ಯದ ಶೆಡ್ಡಿನಲ್ಲಿ ಬದುಕುವವನ ವಂಶವೃಕ್ಷ ಊರಿನಲ್ಲೇ ಉಳಿದಿರುತ್ತದೆ. ವೈದ್ಯರ ಭಾಷೆಯೂ ಅವನ ಭಾಷೆಯೂ ಬೇರೆಯಾದರೆ ಪ್ರಶ್ನೆ ಅರ್ಧದಲ್ಲೇ ನಿಲ್ಲುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಬೀಗವೂ ಇದೆ: ಗಂಡು ಹುಡುಕುವ ಮನೆ, ವಂಶದಲ್ಲಿ ಕಾಯಿಲೆಯಿದೆ ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಈ ಮೌನಕ್ಕೆ ಹೆಣ್ಣು ತೆರುವ ಬೆಲೆ ದೊಡ್ಡದು. ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ ಏರಿದಾಗ ಶ್ವಾಸಕೋಶದ ದುರ್ಬಲ ನಾಳಗಳು ಒಡೆಯಬಹುದು. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಚ್‌ಎಚ್‌ಟಿ ಇರುವ ತಾಯಂದಿರ ಗರ್ಭಧಾರಣೆಗಳಲ್ಲಿ 1 ಶೇಕಡ ತಾಯಿಯ ಸಾವಿನಲ್ಲಿ ಕೊನೆಗೊಂಡಿದ್ದವು. ರೋಗವಿರುವುದು ಮೊದಲೇ ತಿಳಿದಿದ್ದವರು ಅಪಾಯವನ್ನು ದಾಟಿ ಬದುಕುಳಿಯುವ ಸಾಧ್ಯತೆ ಹೆಚ್ಚಿತ್ತು. ರೋಗದ ಹೆಸರು ತಿಳಿದಿರುವುದೇ ಇಲ್ಲಿ ಅರ್ಧ ಚಿಕಿತ್ಸೆ.

ಐದನೆಯ ತಡೆಯನ್ನು ಒಡ್ಡುವುದು ಸಾಮಾನ್ಯ ಕಾಯಿಲೆಗಳ ಜಂಗುಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ, ಅಂದರೆ 2019–21ರಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 47.8 ಶೇಕಡ ಜನರಿಗೆ ರಕ್ತಹೀನತೆ ಇತ್ತು. ಸರಿಸುಮಾರು ಇಬ್ಬರಲ್ಲೊಬ್ಬರಿಗೆ ಇರುವ ತೊಂದರೆ ಯಾರ ಹುಬ್ಬನ್ನೂ ಏರಿಸುವುದಿಲ್ಲ. ವರ್ಷಗಟ್ಟಲೆ ಮೂಗಿನಿಂದಲೂ ಕರುಳಿನಿಂದಲೂ ರಕ್ತ ಕಳೆದುಕೊಳ್ಳುತ್ತಿರುವ ಹೆಣ್ಣಿಗೂ ಸೊಪ್ಪು, ಬೇಳೆ ಸಾಲದ ಹೆಣ್ಣಿಗೂ ಸಿಗುವುದು ಅದೇ ಕಬ್ಬಿಣದ ಮಾತ್ರೆ. ಯುರೋಪಿನಲ್ಲಿ ಅದೇ ಹಿಮೋಗ್ಲೋಬಿನ್ ಅಂಕಿ ಕಾರಣ ಹುಡುಕುವಂತೆ ಮಾಡುತ್ತದೆ. ಇಲ್ಲಿ ಅಂಕಿಯೇ ಕಾರಣವೆನಿಸಿಕೊಳ್ಳುತ್ತದೆ. ಬಡವರ ದೇಹದಲ್ಲಿ ಅಪರೂಪದ ರೋಗ ಕಾಣಿಸದಿರುವುದಕ್ಕೆ ಅವರ ಸಾಮಾನ್ಯ ರೋಗಗಳೇ ಮರೆಯಾಗಿ ನಿಂತಿರುತ್ತವೆ.

ಇಷ್ಟೆಲ್ಲ ತಡೆಗಳ ನಡುವೆ ಬೆಂಗಳೂರಿನ ಹೊರವಲಯದ ಸ್ಥಿತಿ ವಿಚಿತ್ರವಾದದ್ದು. ಈ ರೋಗಕ್ಕೆ ಬೇಕಾದ ಬಹುತೇಕ ಎಲ್ಲವೂ ಹೊಸೂರು ರಸ್ತೆಯ ಒಂದು ಚಿಕ್ಕ ಪಟ್ಟಿಯಲ್ಲೇ ಇದೆ. ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಕೇಂದ್ರ ಸರ್ಕಾರದ 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗೆ ಇದನ್ನೂ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಿದೆ. ಅಲ್ಲಿಂದ ಮುಂದೆ ಬೊಮ್ಮಸಂದ್ರದಲ್ಲಿ ನಾರಾಯಣ ಹೆಲ್ತ್ ಸಿಟಿಯಂಥ ದೊಡ್ಡ ಹೃದ್ರೋಗ ಆಸ್ಪತ್ರೆಯಿದೆ. ಅದೇ ಬೊಮ್ಮಸಂದ್ರದಲ್ಲಿ ಬೆಳೆದ ಮೆಡ್‌ಜೀನೋಮ್ ಪಾಲುದಾರನಾದ ಜೀನೋಮ್ ಏಷ್ಯಾ ಯೋಜನೆ, 219 ಜನಸಮುದಾಯಗಳ 1,739 ಜನರ ಸಂಪೂರ್ಣ ಜೀನೋಮ್ ಓದಿ 2019ರಲ್ಲಿ ಪ್ರಕಟಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಹೊಣೆಯಲ್ಲಿ 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ, 10,000 ಭಾರತೀಯರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ತೀವ್ರ ರಕ್ತಸ್ರಾವವಿರುವ ಎಚ್‌ಎಚ್‌ಟಿ ರೋಗಿಗಳಿಗೆ 2020ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಸೂಚಿಸುವ ಔಷಧಗಳಲ್ಲೊಂದು ಬೆವಾಸಿಜುಮ್ಯಾಬ್. ಇದು ಮೂಲತಃ ಕ್ಯಾನ್ಸರ್ ಔಷಧ. ಅದರ ಸಮರೂಪವನ್ನು ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ 2017ರ ನವೆಂಬರ್‌ನಲ್ಲಿ ಕ್ರಾಬೆವಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ನಗರದ ಇನ್ನೊಂದು ಅಂಚಿನಲ್ಲಿ, ವೈಟ್‌ಫೀಲ್ಡಿನಲ್ಲಿ, 2001ರ ಜನವರಿಯಲ್ಲಿ ಆರಂಭವಾದ ಸತ್ಯಸಾಯಿ ಉನ್ನತ ವೈದ್ಯ ಸಂಸ್ಥೆ ಹೃದಯ ಮತ್ತು ನರರೋಗಗಳಿಗೆ ಉಚಿತವಾಗಿ ಚಿಕಿತ್ಸೆ ನೀಡುತ್ತದೆ.

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮೂರಕ್ಕೂ ಈಗ ಮೆಟ್ರೋ ಇದೆ. ಹಾಗಾಗಿ ರೋಗಿಗೂ ಚಿಕಿತ್ಸೆಗೂ ನಡುವಿನ ದೂರವನ್ನು ಕಿಲೋಮೀಟರುಗಳಲ್ಲಿ ಅಳೆಯಲಾಗದು. ಅದು ಮೊದಲ ಕ್ಲಿನಿಕ್ಕಿನಿಂದ ಸರಿಯಾದ ವಿಭಾಗಕ್ಕೆ ಹೋಗುವ ಒಂದು ಚೀಟಿಯ ದೂರ. ಇಟಲಿಯ ರೋಗಿಗಳಲ್ಲೇ ಮೊದಲ ಲಕ್ಷಣದಿಂದ ರೋಗನಿರ್ಣಯಕ್ಕೆ ಸರಾಸರಿ 25 ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆಂದು 2012ರ ಅಧ್ಯಯನವೊಂದು ಲೆಕ್ಕಹಾಕಿದೆ. ಮೇಲೆ ಹೇಳಿದ ತಡೆಗಳು ಬಹುಪಾಲು ಇಲ್ಲದ ನಾಡಿನ ಮಾತು ಅದು.

ಕೆಲಸಗಾರನ ಮಟ್ಟಿಗೆ ಆ ಚೀಟಿ ಇಎಸ್‌ಐ ವ್ಯವಸ್ಥೆಯಿಂದ ಬರಬೇಕು. 1948ರ ಕಾಯ್ದೆಯಡಿ ರೂಪುಗೊಂಡ ಈ ವಿಮೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಪೂರ್ಣ ಚಿಕಿತ್ಸೆಯ ಭರವಸೆ ಕೊಡುತ್ತದೆ. ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಅದರ ಆಸ್ಪತ್ರೆಗಳಿವೆ. ಯೋಜನೆ ಉದಾರವಾದದ್ದೇ. ಆದರೆ ಅದರ ಕಣ್ಣಿನಲ್ಲಿ ಕುಟುಂಬವೆಂದರೆ ಮುಖ್ಯವಾಗಿ ಗಂಡ ಅಥವಾ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ. ಎಚ್‌ಎಚ್‌ಟಿಯ ಕುಟುಂಬದಲ್ಲಿ ಅಣ್ಣ, ತಂಗಿ, ಸೋದರಮಾವ, ಚಿಕ್ಕಪ್ಪನ ಮಕ್ಕಳೂ ಇದ್ದಾರೆ. ಗುತ್ತಿಗೆ ಬದಲಾದಾಗ ವಿಮೆಯ ಕೊಂಡಿಯೂ ಸಡಿಲಾಗುತ್ತದೆ, ಕಡತವೂ ಹಿಂದೆ ಉಳಿಯುತ್ತದೆ. ಐಟಿ ಉದ್ಯೋಗಿಯ ಗುಂಪು ವಿಮೆ ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾದಾಗ ಎಚ್ಚರಗೊಳ್ಳುತ್ತದೆ. ಹೊರರೋಗಿಯಾಗಿ ಮಾಡಿಸುವ ಜೀನ್ ಪರೀಕ್ಷೆ ಅದರ ಲೆಕ್ಕಕ್ಕೆ ಬರುವುದು ಕಡಿಮೆ. ರಾಷ್ಟ್ರೀಯ ನೀತಿ ಅಪರೂಪದ ರೋಗದ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವು ಕೊಡಬಲ್ಲದು, ಅದರ ಗಮನವಿರುವುದು ದುಬಾರಿ ಔಷಧದ ಮೇಲೆ. ಎಚ್‌ಎಚ್‌ಟಿಗೆ ಮೊದಲು ಬೇಕಾದದ್ದು ಅಗ್ಗದ ವಸ್ತುಗಳು: ಒಂದು ಪ್ರಶ್ನೆ, ಒಂದು ಎಕೋ, ಮೂಗನ್ನು ತೇವವಾಗಿಡುವ ಲವಣಜಲ, ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ, ರಕ್ತದಲ್ಲಿನ ಕಬ್ಬಿಣದ ನಿಯಮಿತ ಅಳತೆ, ಹಲ್ಲು ಕೀಳಿಸುವ ಮುನ್ನ ಆ್ಯಂಟಿಬಯಾಟಿಕ್. ಶ್ವಾಸಕೋಶದ ದೋಷಯುಕ್ತ ನಾಳವನ್ನು ತೊಡೆಯ ಮೂಲಕ ತೂರಿಸಿದ ತೆಳು ಕೊಳವೆಯಿಂದ ಮುಚ್ಚುವ ಚಿಕಿತ್ಸೆ ಬೇಕಾಗುವುದು ಆಮೇಲೆ.

ಈ ವಾದಕ್ಕೆ ಎರಡು ಆಕ್ಷೇಪಗಳನ್ನು ಎತ್ತಬಹುದು. ಕ್ಷಯ, ಡೆಂಗಿ, ರಕ್ತಹೀನತೆಗಳೇ ಬಗೆಹರಿಯದ ನಾಡಿನಲ್ಲಿ 5,000ಕ್ಕೆ ಒಬ್ಬರ ಕಾಯಿಲೆಗೆ ಗಮನ ಕೊಡುವುದು ಐಷಾರಾಮವಲ್ಲವೇ ಎಂಬುದು ಮೊದಲನೆಯದು. ಅದೇ ಪ್ರಮಾಣ ಇಲ್ಲಿಗೂ ಸಲ್ಲುವುದಾದರೆ, 2011ರ ಜನಗಣತಿಯ ಲೆಕ್ಕದಲ್ಲೇ 6.1 ಕೋಟಿ ಜನರ ಕರ್ನಾಟಕದಲ್ಲಿ ಸುಮಾರು 12,000, ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 1,900ರಷ್ಟು ರೋಗಿಗಳಿರಬೇಕು. ಅವರು ಈಗಲೂ ಆಸ್ಪತ್ರೆಗಳಲ್ಲೇ ಇದ್ದಾರೆ. ರಕ್ತಹೀನತೆಯ ಸಾಲಿನಲ್ಲಿ, ಕ್ಷಯದ ಅನುಮಾನದ ಸಾಲಿನಲ್ಲಿ, ಚಿಕ್ಕ ವಯಸ್ಸಿನ ಪಾರ್ಶ್ವವಾಯುವಿನ ಹಾಸಿಗೆಯಲ್ಲಿ ಅವರ ಮೇಲೆ ಖರ್ಚಾಗುತ್ತಲೇ ಇದೆ. ಖರ್ಚು ತಪ್ಪು ಹೆಸರಿನಲ್ಲಿ ಆಗುತ್ತಿದೆ, ಅಷ್ಟೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಜನಸಮುದಾಯಗಳನ್ನು ಬೇರೆ ಬೇರೆಯಾಗಿ ಅಧ್ಯಯನ ಮಾಡಿದರೆ ರೋಗಕ್ಕೆ ಜಾತಿಯ ಹೆಸರು ಬೀಳಬಹುದು. ಒಳವಿವಾಹದಿಂದ ಭಾರತದ ಅನೇಕ ಸಮುದಾಯಗಳಲ್ಲಿ ಕೆಲವು ಜೀನ್ ಬದಲಾವಣೆಗಳು ದಟ್ಟವಾಗಿರುವುದು ನಿಜ. ಅರಿವಳಿಕೆಯಲ್ಲಿ ಬಳಸುವ ಒಂದು ಸ್ನಾಯು ಸಡಿಲಕವನ್ನು ದೇಹ ಬೇಗ ಅರಗಿಸಿಕೊಳ್ಳಲಾಗದ ಕೊರತೆ ವೈಶ್ಯ ಸಮುದಾಯದಲ್ಲಿ ಹೆಚ್ಚೆಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ. ಆ ತಿಳಿವಳಿಕೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಜೀವ ಉಳಿಸುತ್ತದೆ. ಅದೇ ಮಾತು ಮದುವೆಯ ಮಾತುಕತೆಯಲ್ಲಿ ಬಳಕೆಯಾದರೆ ಬದುಕು ಕೆಡಿಸುತ್ತದೆ. ಆದ್ದರಿಂದ ದತ್ತಾಂಶದಲ್ಲಿ ಎಲ್ಲ ಸಮುದಾಯಗಳೂ ಇರಬೇಕು, ಹಾಸಿಗೆಯ ಪಕ್ಕದ ಪ್ರಶ್ನೆ ಮಾತ್ರ ಕುಟುಂಬದ ಬಗ್ಗೆ ಇರಬೇಕು. ಎಚ್‌ಎಚ್‌ಟಿ ದೋಷಗಳು ಬಹುಮಟ್ಟಿಗೆ ಒಂದೊಂದು ಕುಟುಂಬಕ್ಕೆ ಒಂದೊಂದು ಬಗೆಯವು. ಜಾತಿಯನ್ನು ಕೇಳಿದರೆ ವೈದ್ಯರಿಗೆ ಏನೂ ಸಿಗುವುದಿಲ್ಲ. ಅಮ್ಮನ ಮೂಗಿನ ಬಗ್ಗೆ ಕೇಳಿದರೆ ಸಿಗುತ್ತದೆ.

ಹಾಗೆ ನೋಡಿದರೆ ಮೊದಲ ಸುಧಾರಣೆ ಪ್ರಯೋಗಾಲಯದಲ್ಲಿ ಆಗಬೇಕಾದದ್ದಲ್ಲ. ಕಾರ್ಖಾನೆಯ ವೈದ್ಯಕೀಯ ಕೋಣೆ, ಇಎಸ್‌ಐ ಚಿಕಿತ್ಸಾಲಯ, ಬಡಾವಣೆಯ ಕಿವಿ-ಮೂಗು-ಗಂಟಲಿನ ಕ್ಲಿನಿಕ್, ಪ್ರಸೂತಿ ವಿಭಾಗ, ಈ ನಾಲ್ಕು ಬಾಗಿಲುಗಳಲ್ಲಿ ‘ಮನೆಯಲ್ಲಿ ಇನ್ನಾರಿಗೆ ಮೂಗಿನಲ್ಲಿ ರಕ್ತ ಬರುತ್ತದೆ?’ ಎಂಬ ಪ್ರಶ್ನೆ ಕನ್ನಡದಲ್ಲೂ ಹಿಂದಿ, ತೆಲುಗು, ತಮಿಳು, ಒಡಿಯಾಗಳಲ್ಲೂ ಕೇಳಿಬಂದರೆ ಸಾಕು. ‘ಹೌದು’ ಎಂದವರ ನಾಲಗೆ, ಬೆರಳುಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ ಗುಳ್ಳೆಯ ಎಕೋಗೆ ಕಳಿಸುವುದು ಎರಡನೆಯ ಹೆಜ್ಜೆ. ಎಲೆಕ್ಟ್ರಾನಿಕ್ ಸಿಟಿಯ ಪ್ರಯೋಗಾಲಯಗಳಿಗೆ ಕೆಲಸ ಬರುವುದು ಮೂರನೆಯ ಹೆಜ್ಜೆಯಲ್ಲಿ. ಒಬ್ಬ ರೋಗಿಯ ದೋಷ ಜೀನ್‌ನಲ್ಲಿ ಎಲ್ಲಿದೆ ಎಂದು ಒಮ್ಮೆ ತಿಳಿದರೆ ಅವನ ಬಂಧುಗಳಿಗೆ ಇಡೀ ಜೀನ್ ಓದಿಸಬೇಕಿಲ್ಲ. ಆ ಒಂದೇ ಜಾಗವನ್ನು ನೋಡಿದರಾಯಿತು. ದೋಷ ಇಲ್ಲದವರು ಜೀವಮಾನದ ತಪಾಸಣೆಯಿಂದ ಪಾರಾಗುತ್ತಾರೆ, ಇರುವವರು ಕಾಯಿಲೆ ಕಾಣುವ ಮೊದಲೇ ರಕ್ಷಣೆ ಪಡೆಯುತ್ತಾರೆ. ಪೀಣ್ಯದ ಒಬ್ಬ ಕೆಲಸಗಾರನಿಗೆ ಸರಿಯಾದ ಹೆಸರು ಸಿಕ್ಕಿದ ದಿನ ರಾಯಚೂರಿನಲ್ಲೋ ಒಡಿಶಾದ ಗಂಜಾಮಿನಲ್ಲೋ ಇರುವ ಅವನ ತಂಗಿ ಹೆರಿಗೆಗೆ ಮುನ್ನ ಒಂದು ಎಕೋ ಮಾಡಿಸಿಕೊಳ್ಳಬಹುದು.